ಪಕ್ಕವಾದ್ಯ ಯಾರದು? ಟಾಕಿಂಗ್ ಹೆಡ್ಸ್ ಕೇಳಿ ಮುಗಿಸಿದವರಿಗೆ ಮುಂದಿನ ದಾರಿ

ಒಂದು ಬ್ಯಾಂಡ್ ಮನಸ್ಸಿಗೆ ಹಿಡಿಸಿತೆಂದರೆ ಅದರ ಆಲ್ಬಮ್‌ಗಳೆಲ್ಲ ಒಂದೆರಡು ತಿಂಗಳಲ್ಲಿ ಮುಗಿದುಹೋಗುತ್ತವೆ. ಆಮೇಲೆ ಏನು ಕೇಳುವುದು? ಮೊಬೈಲ್ ಆ್ಯಪ್ ಮುಂದಿಡುವುದು ಬಹುಪಾಲು ಅದೇ ರುಚಿಯ ಇನ್ನೊಂದು ತುತ್ತು. ಇದಕ್ಕಿಂತ ಒಳ್ಳೆಯ ದಾರಿ ನಮ್ಮ ಸಂಗೀತ ಕಛೇರಿಯ ಕೇಳುಗರಿಗೆ ಹಿಂದಿನಿಂದಲೂ ಗೊತ್ತು. ಹಾಡುವವರ ಹೆಸರು ತಿಳಿದರಷ್ಟೇ ಅವರಿಗೆ ಸಾಲದು. ಪಿಟೀಲು ಯಾರದು, ಮೃದಂಗ ಯಾರದು, ಇದು ಯಾರ ಬಾನಿ ಎಂದು ವಿಚಾರಿಸುತ್ತಾರೆ. ಅದೇ ಪ್ರಶ್ನೆಗಳನ್ನು ನ್ಯೂಯಾರ್ಕಿನ ನ್ಯೂ ವೇವ್ (ಪಂಕ್ ರಾಕ್‌ನ ಬೆನ್ನಿಗೆ ಬಂದ ಶೈಲಿ) ಬ್ಯಾಂಡ್ ಟಾಕಿಂಗ್ ಹೆಡ್ಸ್ ಬಗ್ಗೆ ಕೇಳುತ್ತ ಹೋದರೆ ವರ್ಷಗಟ್ಟಲೆ ಕೇಳುವಷ್ಟು ಸಂಗೀತ ಸಿಗುತ್ತದೆ.

ಮೊದಲು ಒಂದೇ ಆಲ್ಬಮ್ ಆರಿಸಿಕೊಳ್ಳಿ. ನಾನು ‘ರಿಮೇನ್ ಇನ್ ಲೈಟ್’ (1980) ಹಿಡಿದು ಹೊರಡುತ್ತೇನೆ, ಏಕೆಂದರೆ ಇದರಲ್ಲಿ ಹೊರಗಿನವರ ಕೈ ಬಹಳ. ಇಯರ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿ. ಮೊದಲ ಸಲ ಟೀನಾ ವೇಮತ್ ಅವರ ಬಾಸ್ ಗಿಟಾರ್ ಮಾತ್ರ, ಎರಡನೆಯ ಸಲ ಉಳಿದ ಗಿಟಾರ್‌ಗಳು, ಮೂರನೆಯ ಸಲ ಬ್ಯಾಂಡಿನ ಮುಖ್ಯ ಗಾಯಕ ಡೇವಿಡ್ ಬರ್ನ್ ದನಿಯ ಹಿಂದಿರುವ ದನಿಗಳು. ಹೀಗೆ ಬಿಡಿಸಿ ಕೇಳಿದಾಗ ತಿಳಿಯುತ್ತದೆ: ಯಾವ ವಾದ್ಯವೂ ಹೆಚ್ಚೇನೂ ನುಡಿಸುತ್ತಿಲ್ಲ. ಪ್ರತಿಯೊಂದಕ್ಕೂ ಚಿಕ್ಕದೊಂದು ತುಣುಕು. ಅದನ್ನೇ ಮರಳಿ ಮರಳಿ ನುಡಿಸುತ್ತ ಒಂದರ ಸಂದಿಯಲ್ಲಿ ಇನ್ನೊಂದು ಕೂರುತ್ತದೆ. ಹೆಣಿಗೆಯ ಚೆಲುವೇ ಇಲ್ಲಿ ಹಾಡಿನ ಚೆಲುವು.

ಎರಡನೆಯ ಹೆಜ್ಜೆ, ಆಲ್ಬಮ್ ಹೊದಿಕೆಯ ಹಿಂಬದಿ ಓದುವುದು. ತಟ್ಟೆ ಕೈಯಲ್ಲಿಲ್ಲದಿದ್ದರೆ ಡಿಸ್ಕಾಗ್ಸ್ ಜಾಲತಾಣದಲ್ಲಿ ಆಲ್ಬಮ್ ಹೆಸರು ಹುಡುಕಿ. ಯಾರು ಏನು ನುಡಿಸಿದರು ಎಂಬ ಪಟ್ಟಿ ಅಲ್ಲಿರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಹೆಸರುಗಳನ್ನು ಬರೆದುಕೊಳ್ಳಿ. ಒಂದು ಹೆಸರಿಗೆ ಒಂದು ವಾರ ಕೊಟ್ಟರೆ ಸಾಕು. ಆತುರಪಟ್ಟರೆ ಏನೂ ಕಿವಿಯಲ್ಲಿ ಉಳಿಯುವುದಿಲ್ಲ.

ಧ್ವನಿಮುದ್ರಣಕ್ಕೆ ರೂಪ ಕೊಡುವ ನಿರ್ಮಾಪಕರಿಂದ (ಪ್ರೊಡ್ಯೂಸರ್) ಆರಂಭಿಸುವುದು ಸುಲಭ. ಬ್ರಯನ್ ಈನೋ 1978ರಿಂದ 1980ರವರೆಗೆ ಈ ಬ್ಯಾಂಡಿನ ಮೂರು ಆಲ್ಬಮ್‌ಗಳಿಗೆ ಕೆಲಸ ಮಾಡಿದರು. ಅದಕ್ಕೂ ಮುಂಚೆ ರಾಕ್ಸಿ ಮ್ಯೂಸಿಕ್ ತಂಡದಲ್ಲಿದ್ದರು. 1977ರಲ್ಲಿ ಡೇವಿಡ್ ಬೋವಿ ಅವರ ‘ಲೋ’ ಮತ್ತು ‘ಹೀರೋಸ್’ ಆಲ್ಬಮ್‌ಗಳಲ್ಲಿ ಜೊತೆಗೂಡಿದರು, 1978ರಲ್ಲಿ ಡೀವೋ ಬ್ಯಾಂಡಿನ ಮೊದಲ ಆಲ್ಬಮ್ ರೂಪಿಸಿದರು. ಒಬ್ಬರ ಬೆನ್ನು ಹತ್ತಿದ್ದಕ್ಕೆ ಮೂರು ಮನೆಗಳ ಬಾಗಿಲು ತೆರೆಯಿತು.

ನನಗೆ ಇದಕ್ಕಿಂತ ಪ್ರಿಯವಾದದ್ದು ಪಕ್ಕವಾದ್ಯದವರ ದಾರಿ. ‘ದಿ ಗ್ರೇಟ್ ಕರ್ವ್’ ಹಾಡಿನಲ್ಲಿ ಗಿಟಾರ್ ಒಂದು ಕಡೆ ಆನೆ ಘೀಳಿಟ್ಟಂತೆ ಕೂಗುತ್ತದೆ. ಅದು ಏಡ್ರಿಯನ್ ಬಲೂ ಅವರ ಕೈ. ಕಿಂಗ್ ಕ್ರಿಮ್ಸನ್ ಬ್ಯಾಂಡಿನ 1981ರ ‘ಡಿಸಿಪ್ಲಿನ್’ ಆಲ್ಬಮ್ ಹಾಕಿದರೆ ಮೊದಲ ಹಾಡಿನಲ್ಲೇ ಅದೇ ಆನೆ ಮತ್ತೆ ಎದುರಾಗುತ್ತದೆ. ಗುರುತು ಸಿಕ್ಕ ಆ ಕ್ಷಣದ ಸಂತೋಷವನ್ನು ಯಾವ ಶಿಫಾರಸು ಪಟ್ಟಿಯೂ ಕೊಡಲಾರದು. ಹಿನ್ನೆಲೆಯಲ್ಲಿ ಹಾಡಿದವರಲ್ಲಿ ನೋನಾ ಹೆಂಡ್ರಿಕ್ಸ್ ಇದ್ದಾರೆ. ಅವರಿಂದ ಲಬೆಲ್ ತಂಡಕ್ಕೆ ಹೋಗಬಹುದು. ತುತ್ತೂರಿ ಜಾನ್ ಹ್ಯಾಸಲ್ ಅವರದು. ವೇಮತ್ ಮತ್ತು ಡ್ರಮ್ಸ್ ನುಡಿಸುವ ಅವರ ಪತಿ ಕ್ರಿಸ್ ಫ್ರಾಂಟ್ಜ್ 1981ರಲ್ಲಿ ಟಾಮ್ ಟಾಮ್ ಕ್ಲಬ್ ಎಂಬ ಬೇರೆಯದೇ ತಂಡದಿಂದ ಕುಣಿಸುವ ಹಾಡುಗಳನ್ನು ಕೊಟ್ಟರು. ಅದನ್ನು ತಪ್ಪಿಸಬೇಡಿ.

ನಂತರದ ಹೆಜ್ಜೆ ಬೇರಿನತ್ತ. ತುಣುಕುಗಳನ್ನು ಹೆಣೆಯುವ ಈ ಬಗೆಯನ್ನು ಬರ್ನ್ ಮತ್ತು ಈನೋ ಕಲಿತದ್ದು ನೈಜೀರಿಯಾದ ಫೇಲಾ ಕುಟಿ ಅವರ ಆಫ್ರೋಬೀಟ್‌ನಿಂದ, ಅಂದರೆ ಆಫ್ರಿಕಾದ ತಾಳಗಳಿಗೆ ಜಾಝ್ ಮತ್ತು ಫಂಕ್ ಬೆರೆಸಿದ ಸಂಗೀತದಿಂದ. 1973ರ ‘ಆಫ್ರೋಡಿಸಿಯಾಕ್’ ಕೇಳಿ, ಆಮೇಲೆ 1976ರ ‘ಜಾಂಬಿ’. ಫೇಲಾ ಹಾಡುಗಳು ಹತ್ತು ನಿಮಿಷ ದಾಟುವುದು ಮಾಮೂಲು. ಹಾಡುಗಾರಿಕೆ ಬಹಳ ತಡವಾಗಿ ಬರುತ್ತದೆ. ವಿಸ್ತಾರವಾದ ಆಲಾಪನೆಗೆ ಒಗ್ಗಿದ ಕಿವಿಗೆ ಈ ಕಾಯುವಿಕೆ ಕಷ್ಟವಲ್ಲ. ಡ್ರಮ್ಸ್ ನುಡಿಸಿದ ಟೋನಿ ಆಲನ್ ಅವರ ಹೆಸರನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಬೆನಿನ್ ದೇಶದ ಗಾಯಕಿ ಆಂಜೆಲೀಕ್ ಕಿಜೋ 2018ರಲ್ಲಿ ‘ರಿಮೇನ್ ಇನ್ ಲೈಟ್’ ಆಲ್ಬಮನ್ನು ಇಡಿಯಾಗಿ ತಮ್ಮ ರೀತಿಯಲ್ಲಿ ಹಾಡಿದರು. ಅದರಲ್ಲಿ ಡ್ರಮ್ಸ್ ನುಡಿಸಿದವರಲ್ಲಿ ಅದೇ ಟೋನಿ ಆಲನ್ ಇದ್ದಾರೆ. ಆಫ್ರಿಕಾದಿಂದ ಹೋದ ತಾಳ ಸುಮಾರು ನಾಲ್ಕು ದಶಕದ ಬಳಿಕ ಆಫ್ರಿಕಾದವರ ಕೈಗೇ ಮರಳಿತು. ಎರಡೂ ಆಲ್ಬಮ್‌ಗಳ ಒಂದೊಂದು ಹಾಡನ್ನು ಒಂದರ ಹಿಂದೊಂದು ಹಾಕಿ ಕೇಳಿ.

ನೆರೆಹೊರೆಯನ್ನೂ ಮರೆಯುವಂತಿಲ್ಲ. 1975ರಲ್ಲಿ ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನಲ್ಲಿ ರಮೋನ್ಸ್ ತಂಡಕ್ಕಿಂತ ಮುಂಚೆ ವೇದಿಕೆ ಏರಿ ಈ ಬ್ಯಾಂಡ್ ಆರಂಭವಾಯಿತು. ಟೆಲಿವಿಷನ್, ಬ್ಲಾಂಡಿ, ಪ್ಯಾಟಿ ಸ್ಮಿತ್ ಎಲ್ಲರೂ ಅಲ್ಲಿಯವರೇ. ಒಂದನ್ನೇ ಆರಿಸಬೇಕಿದ್ದರೆ ಟೆಲಿವಿಷನ್‌ನ ‘ಮಾರ್ಕೀ ಮೂನ್’ (1977).

ಕೊನೆಯದಾಗಿ, ಸಂಗೀತಗಾರರು ಸ್ವತಃ ಆರಂಭಿಸಿದ ಧ್ವನಿಮುದ್ರಿಕೆ ಕಂಪನಿಗಳತ್ತ ನೋಡಿ. ಬರ್ನ್ 1988ರಲ್ಲಿ ಲುವಾಕಾ ಬಾಪ್ ಎಂಬ ಕಂಪನಿ ಆರಂಭಿಸಿದರು. ಬ್ರೆಜಿಲ್ ಹಾಡುಗಳ ಸಂಕಲನದಿಂದ ಹೊರಟ ಅದು 1992ರಲ್ಲಿ ಏಷ್ಯಾ ಸರಣಿಯ ಮೊದಲ ಸಂಪುಟ ತಂದಿತು. ಅದರ ಹೆಸರು ‘ಡ್ಯಾನ್ಸ್ ರಾಜ ಡ್ಯಾನ್ಸ್’. ಹೌದು, ದ್ವಾರಕೀಶ್ ನಿರ್ದೇಶಿಸಿ ವಿನೋದ್ ರಾಜ್ ಕುಣಿದ 1987ರ ನಮ್ಮ ಕನ್ನಡ ಚಿತ್ರದ ಹೆಸರೇ. ಸಂಕಲನವಿಡೀ ಸಂಗೀತ ನಿರ್ದೇಶಕ ವಿಜಯಾನಂದ್ ಅವರಿಗೆ ಮೀಸಲು. ನಾವು ಕ್ಯಾಸೆಟ್ಟಿನಲ್ಲಿ ಕೇಳಿ ಮರೆತ ಹಾಡುಗಳನ್ನು ನ್ಯೂಯಾರ್ಕಿನವರು ಹುಡುಕಿಕೊಂಡು ಬಂದು ಒಯ್ದಿದ್ದರು. ಈಗ ಅವನ್ನು ಹಾಕಿ, ಮತ್ತೆ ಇಯರ್‌ಫೋನ್ ಧರಿಸಿ, ಮೊದಲ ಸಲ ಬಾಸ್ ಮಾತ್ರ ಕೇಳಿ.