ಗೋಡೆಗೆ ಅಂಟಿಸಿದ ಕನ್ನಡಿ ಬಿಡಿಸಿ, ಹಿಂದಿನ ಜಿಪ್ಸಂ ಬೋರ್ಡ್ ಸರಿಪಡಿಸುವುದು

ಚೌಕಟ್ಟಿಲ್ಲದ ದೊಡ್ಡ ಕನ್ನಡಿಯನ್ನು ಬಿಡಿಸುವಾಗ ಗಾಜು ಉಳಿದರೂ ಉಳಿಯಬಹುದು. ಹಿಂದಿನ ಜಿಪ್ಸಂ ಬೋರ್ಡಿನ ಮೇಲ್ಕಾಗದ ಮಾತ್ರ ಒಂದಿಷ್ಟು ಕಿತ್ತು ಬಂದೇ ಬರುತ್ತದೆ. ಅಂಟು ಹಿಡಿದಿರುವುದೇ ಆ ಕಾಗದವನ್ನು. ಹಾಗಾಗಿ ರಿಪೇರಿಗೂ ಎರಡು ಮೂರು ದಿನ ಇಟ್ಟುಕೊಂಡೇ ಕೈ ಹಾಕಿ.

5 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ ಸುಮಾರು 12.5 ಕೆ.ಜಿ. ತೂಗುತ್ತದೆ, ಇಬ್ಬರು ಬೇಕೇ ಬೇಕು. ದಪ್ಪ ಕೈಗವಸು, ಸುರಕ್ಷತಾ ಕನ್ನಡಕ, ತುಂಬುತೋಳಿನ ಅಂಗಿ, ಬೂಟು ಹಾಕಿಕೊಳ್ಳಿ. ನೆಲಕ್ಕೆ ಹಳೆಯ ಕಂಬಳಿ ಹಾಸಿ. ಕನ್ನಡಿಯ ಮೈತುಂಬ ಅಗಲವಾದ ಟೇಪನ್ನು ಅಡ್ಡಡ್ಡ, ಉದ್ದುದ್ದ ಅಂಟಿಸಿದರೆ ಗಾಜು ಒಡೆದರೂ ಚೂರುಗಳು ಸಿಡಿಯುವುದಿಲ್ಲ. ಅಂಚಿನ ಸಿಲಿಕೋನನ್ನೂ ಬಣ್ಣವನ್ನೂ ಬ್ಲೇಡಿನಿಂದ ಕೊಯ್ದು, ಮೇಲಿನ ಕ್ಲಿಪ್ ಬಿಚ್ಚಿ. ಕೆಳಗಿನ ಕ್ಲಿಪ್ ಅಥವಾ ಪಟ್ಟಿ ಭಾರ ಹೊತ್ತಿರುತ್ತದೆ, ಅದನ್ನು ಕೊನೆಯವರೆಗೂ ಮುಟ್ಟಬೇಡಿ.

ಹಳೆಯ ಕಪ್ಪು ಅಂಟು ಬಿಸಿಗೆ ಮೆತ್ತಗಾಗುತ್ತದೆ. ಹೇರ್ ಡ್ರೈಯರನ್ನು ಗಾಜಿನ ಮೇಲೆ ಆಡಿಸುತ್ತಲೇ ಇರಿ. ಒಂದೇ ಕಡೆ ಹಿಡಿದರೆ ಬಿಸಿ ಹೆಚ್ಚಾಗಿ ಗಾಜು ಸೀಳುತ್ತದೆ. ಸಿಲಿಕೋನ್ ಅಂಟಾದರೆ ಬಿಸಿಗೆ ಜಗ್ಗುವುದಿಲ್ಲ, ಕೊಯ್ಯಲೇಬೇಕು.

ಕೊಯ್ಯಲು ಹೆಣೆದ ಉಕ್ಕಿನ ತಂತಿ ಬೇಕು, ಕನ್ನಡಿಯ ಅಗಲಕ್ಕಿಂತ ಎರಡಡಿ ಉದ್ದ. ಎರಡೂ ತುದಿಗೆ ಮರದ ತುಂಡು ಕಟ್ಟಿ, ಮೇಲಂಚಿನ ಹಿಂದೆ ತೂರಿಸಿ, ಗರಗಸದಂತೆ ಎಳೆದಾಡುತ್ತ ಕೆಳಗಿಳಿಸಿ. ಬಿಟ್ಟುಕೊಂಡ ಸಂದಿಗೆ ತೆಳು ಮರದ ಬೆಣೆ ಕೊಡುತ್ತ ಹೋಗಿ. ಅರ್ಧ ದಾಟಿದ ಮೇಲೆ ಒಬ್ಬರ ಕೈ ಸದಾ ಗಾಜಿನ ಮೇಲಿರಲಿ. ಸಣ್ಣ ಹಾರೆಯಿಂದ ಮೀಟುವ ಆತುರ ಬೇಡ. ಮೀಟಲೇಬೇಕಾದರೆ ಹಾರೆಯ ಹಿಂದೆ ಪ್ಲೈವುಡ್ ತುಂಡು ಇಡಿ, ಇಲ್ಲವಾದರೆ ಬೋರ್ಡಿಗೆ ತೂತು ಬೀಳುತ್ತದೆ.

ಗೋಡೆಯಲ್ಲಿ ಉಳಿದ ಅಂಟಿನ ಗಡ್ಡೆಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಬೇಡಿ, ಮೆತ್ತಿಕೊಳ್ಳುತ್ತದೆ ಅಷ್ಟೆ. ಬಿಸಿ ಮಾಡಿ ಕೆರೆಯಿರಿ, ಅಥವಾ ಸುತ್ತಲೂ ಕಾಗದ ಕೊಯ್ದು ಗಡ್ಡೆಯ ಸಮೇತ ಸುಲಿಯಿರಿ. ಸಡಿಲ ಕಾಗದವನ್ನು ಗಟ್ಟಿಯಾಗಿ ಅಂಟಿರುವ ಅಂಚಿನವರೆಗೂ ಕತ್ತರಿಸಿ ತೆಗೆಯಿರಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಹೊರಬಿದ್ದ ಕಂದು ಕಾಗದದ ಮೇಲೆ ನೇರವಾಗಿ ಜಾಯಿಂಟ್ ಕಾಂಪೌಂಡ್ (ಬೋರ್ಡಿನ ಸಂದಿ ಮುಚ್ಚಿ ಮಟ್ಟ ಮಾಡುವ, ಪುಟ್ಟಿಯಂಥ ಲೇಪ) ಹಚ್ಚಿದರೆ, ಅದರ ನೀರನ್ನು ಕಾಗದ ಕುಡಿದು ಗುಳ್ಳೆ ಏಳುತ್ತದೆ. ಮೊದಲು ಆಯಿಲ್ ಪ್ರೈಮರ್ ಅಥವಾ ಶೆಲ್ಲಾಕ್ ಪ್ರೈಮರ್ ಬಳಿದು ಪೂರ್ತಿ ಒಣಗಿಸಿ. ಉಳಿದ ಅಂಟಿನ ಕಲೆ ಬಣ್ಣದೊಳಗಿಂದ ಇಣುಕದಂತೆ ತಡೆಯುವುದೂ ಇದೇ.

ಸಣ್ಣ ತೂತುಗಳಿಗೆ ಜಾಲರಿ ಟೇಪ್ ಸಾಕು. ಅಂಗೈಯಗಲದ್ದಾದರೆ ಚೌಕವಾಗಿ ಕತ್ತರಿಸಿ, ಹಿಂದೆ ಮರದ ಪಟ್ಟಿ ಕೊಟ್ಟು, ಅದೇ ದಪ್ಪದ ಬೋರ್ಡಿನ ತುಂಡನ್ನು ಸ್ಕ್ರೂ ಮಾಡಿ, ಸಂದಿಗೆ ಟೇಪ್ ಹಾಕಿ. ಗೋಡೆಯ ಬಹುಪಾಲು ಹೀಗೇ ಹಾಳಾಗಿದ್ದರೆ ತೇಪೆಗಿಂತ ಬೋರ್ಡನ್ನೇ ಬದಲಿಸುವುದು ಜಾಣತನ.

ಆಮೇಲೆ ಅಗಲ ಕರಣೆಯಿಂದ ಕಾಂಪೌಂಡನ್ನು ತೆಳ್ಳಗೆ ಎರಡು ಮೂರು ಸಲ ಎಳೆಯಿರಿ. ಪ್ರತಿ ಪದರಕ್ಕೂ ಸಾಮಾನ್ಯವಾಗಿ 24 ಗಂಟೆ ಒಣಗಲು ಬಿಡಿ. ದಪ್ಪಗೆ ಒಮ್ಮೆಗೇ ಮೆತ್ತಿದರೆ ಬಿರುಕು ಬಿಡುತ್ತದೆ. ಕೊನೆಗೆ 150ರ ಸ್ಯಾಂಡ್ ಪೇಪರಿನಲ್ಲಿ ಹಗುರವಾಗಿ ಉಜ್ಜಿ, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ; ಉಬ್ಬುತಗ್ಗು ಇದ್ದರೆ ನೆರಳಿನಲ್ಲಿ ಗೊತ್ತಾಗುತ್ತದೆ. ದೂಳು ಒರೆಸಿ ಪ್ರೈಮರ್ ಹೊಡೆದ ಮೇಲೆಯೇ ಬಣ್ಣ. ಪ್ರೈಮರ್ ಬಿಟ್ಟರೆ ತೇಪೆಯ ಜಾಗ ಬಣ್ಣ ಹೀರಿಕೊಂಡು ಮಂಕಾಗಿ ಕಾಣುತ್ತದೆ.