ಐದು ಲೀಟರಿನಿಂದ ಐನೂರು ಲೀಟರಿಗೆ: ಕಾಕಂಬಿ ಬೀಳುವ ಜಾಗವನ್ನು ಬದಲಿಸಿದ ನನ್ನ ಅನುಭವ

ಐದು ಲೀಟರಿನ ಗಾಜಿನ ಫರ್ಮೆಂಟರಿನಲ್ಲಿ (ಸೂಕ್ಷ್ಮಜೀವಿ ಬೆಳೆಸುವ ಪಾತ್ರೆ) ಮಿಲಿಲೀಟರಿಗೆ ಸುಮಾರು 600 ಕೋಟಿ ಕೋಶಗಳ ಎಣಿಕೆ ಕೊಡುತ್ತಿದ್ದ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ, ಮಂಡ್ಯದ ನಮ್ಮ ಘಟಕದ 500 ಲೀಟರ್ ಟ್ಯಾಂಕಿಗೆ ಹೋದ ಕೂಡಲೇ 90 ಕೋಟಿಯನ್ನೂ ದಾಟಲಿಲ್ಲ. ತಳಿಯೂ ಅದು ಬೆಳೆಯುವ ಪೋಷಕ ದ್ರವವೂ ಉಷ್ಣಾಂಶವೂ ಅವೇ ಇದ್ದವು. ತಳಿಯೇ ಸೊರಗಿದೆ ಎಂದು ಸಲಹೆಗಾರರು ಹೇಳಿದರು. ಮೋಟಾರ್ ಸಾಲದು ಎಂದು ಟ್ಯಾಂಕ್ ಮಾಡಿಕೊಟ್ಟವರು ಹೇಳಿದರು. ಒಂದು ಲಕ್ಷ ಎಂಬತ್ತು ಸಾವಿರ ತೆತ್ತು ಮೋಟಾರನ್ನು ಬದಲಿಸಿದೆ. ನೊರೆ ಹೆಚ್ಚಿತೇ ಹೊರತು ಇಳುವರಿ ಹೆಚ್ಚಲಿಲ್ಲ. ಒಂದೊಂದಕ್ಕೂ ಹದಿನಾಲ್ಕು ಸಾವಿರದಷ್ಟು ಖರ್ಚಾಗಿದ್ದ ಆರು ಬ್ಯಾಚುಗಳನ್ನು ಕೊಂದು ಸುರಿಯಬೇಕಾಯಿತು.

ಏಳನೆಯ ಬ್ಯಾಚಿನ ಹತ್ತನೆಯ ಗಂಟೆಯಲ್ಲಿ, ಗಾಳಿ ಹೊರಬರುವ ಕೊಳವೆಯ ಬಳಿ ನಿಂತಿದ್ದಾಗ, ಕೋಶಗಳಿಗೆ ಸಕ್ಕರೆಯ ಆಹಾರವಾಗಿ ಹಾಕುವ ಕಾಕಂಬಿಯ ಘಾಟಿನ ನಡುವೆ ಬೆಣ್ಣೆಯಂಥ ವಾಸನೆ ಮೂಗಿಗೆ ಬಡಿಯಿತು. ಪಿಹೆಚ್ 6.9ರಿಂದ 5.8ಕ್ಕೆ ಇಳಿದಿತ್ತು. ಸಕ್ಕರೆ ಮಿಕ್ಕು ಆಮ್ಲಜನಕ ಕಡಿಮೆಯಾದ ಕೋಶ ಮೈ ಬೆಳೆಸಿಕೊಳ್ಳುವುದನ್ನು ಬಿಟ್ಟು ಆಮ್ಲರೂಪದ ಅಸಿಟೇಟನ್ನೂ ಬೆಣ್ಣೆಯ ವಾಸನೆಯ ಅಸಿಟೋಯಿನನ್ನೂ ಹೊರಹಾಕುತ್ತದೆ. ನಾನು ಹಣ ಕೊಟ್ಟು ತಂದ ಕಾಕಂಬಿ ಹೋಗುತ್ತಿದ್ದುದು ಅಲ್ಲಿಗೆ. ಆದರೆ ಕರಗಿದ ಆಮ್ಲಜನಕದ ಮೀಟರ್ ಮಾತ್ರ ಶೇ. 35 ತೋರಿಸುತ್ತಲೇ ಇತ್ತು. ಮೀಟರಿನ ಕಡ್ಡಿ ತಳದ ಗೋಡೆಗಿತ್ತು, ಕಾಕಂಬಿ ಬೀಳುತ್ತಿದ್ದುದು ಮೇಲ್ಭಾಗದ ನೊರೆಯ ಮೇಲೆ. ತಳದ ಕೋಶಗಳು ಹಸಿದಿದ್ದವು, ಮೇಲಿನವು ಉಸಿರುಗಟ್ಟಿದ್ದವು. ಮೀಟರ್ ಹೇಳುತ್ತಿದ್ದುದು ತಾನಿದ್ದ ಜಾಗದ ಸಂಗತಿಯನ್ನಷ್ಟೇ.

ಮರುದಿನ ಟ್ಯಾಂಕಿಗೆ ಬರೀ ನೀರು ತುಂಬಿ, ಮೇಲಿನಿಂದ ಆಮ್ಲ ಸುರಿದು, ತಳದ ಪಿಹೆಚ್ ಒಂದೆಡೆ ನಿಲ್ಲಲು ಎಷ್ಟು ಹೊತ್ತು ಬೇಕೆಂದು ನೋಡಿದೆ: ನಲವತ್ತೈದು ಸೆಕೆಂಡ್. ನಮ್ಮ ಸೀಮೆ ಸಮುದ್ರಮಟ್ಟದಿಂದ ಆರೇಳುನೂರು ಮೀಟರ್ ಮೇಲಿರುವುದರಿಂದ ಗಾಳಿಯ ಒತ್ತಡವೇ ಕಡಿಮೆ. 30 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಏಳು ಮಿಲಿಗ್ರಾಂ ಆಮ್ಲಜನಕ ಕರಗಿದರೆ ಹೆಚ್ಚು, ಅದನ್ನು ದಟ್ಟವಾಗಿ ಬೆಳೆದ ಕೋಶಗಳು ಹತ್ತು ಹದಿನೈದು ಸೆಕೆಂಡಿನಲ್ಲಿ ಮುಗಿಸಿಬಿಡುತ್ತವೆ. ಅಂದರೆ ಕಾಕಂಬಿ ಟ್ಯಾಂಕಿಗೆಲ್ಲ ಬೆರೆಯುವ ಮೊದಲೇ ಅದು ಬಿದ್ದ ಜಾಗದ ಆಮ್ಲಜನಕ ಮುಗಿದಿರುತ್ತದೆ.

ಇದನ್ನು ಯಾರೂ ಒಪ್ಪದ ಕಾರಣ ಗಾಜಿನ ಫರ್ಮೆಂಟರಿನಲ್ಲೇ ದೊಡ್ಡ ಟ್ಯಾಂಕಿನ ಕಷ್ಟವನ್ನು ಮಾಡಿ ತೋರಿಸಿದೆ. ಐದು ನಿಮಿಷಕ್ಕೊಮ್ಮೆ ಕಾಕಂಬಿಯನ್ನು ಒಮ್ಮೆಲೇ ಸುರಿದು ನಲವತ್ತು ಸೆಕೆಂಡ್ ಗಾಳಿ ನಿಲ್ಲಿಸಿದಾಗ, 600 ಕೋಟಿ ಕೊಡುತ್ತಿದ್ದ ಅದೇ ತಳಿ 200 ಕೋಟಿಗೆ ಇಳಿಯಿತು ಮತ್ತು ಅದೇ ಬೆಣ್ಣೆಯ ವಾಸನೆ ಬಂದಿತು. ತಳಿಯ ಮೇಲಿನ ಆರೋಪ ಅಂದಿಗೆ ಮುಗಿಯಿತು.

ಪರಿಹಾರಕ್ಕೆ ತಗುಲಿದ್ದು ಮೂರು ಸಾವಿರ ರೂಪಾಯಿಯ ಸ್ಟೀಲ್ ಕೊಳವೆ. ಕಾಕಂಬಿಯನ್ನು ಅರ್ಧಕ್ಕರ್ಧ ನೀರು ಬೆರೆಸಿ ತೆಳುಮಾಡಿ, ಕೆಳಗಿನ ಇಂಪೆಲ್ಲರಿನ (ಕಲಕುವ ರೆಕ್ಕೆ) ಪಕ್ಕದಲ್ಲೇ ಬೀಳುವಂತೆ ಕೊಳವೆಯನ್ನು ಇಳಿಸಿದೆ. ಗಂಟೆಗಿಷ್ಟು ಎಂಬ ಲೆಕ್ಕವನ್ನು ಬಿಟ್ಟು, ಕರಗಿದ ಆಮ್ಲಜನಕ ಶೇ. 40 ದಾಟಿದಾಗ ಪಂಪ್ ಓಡಿಸುವುದು, 25ಕ್ಕೆ ಇಳಿದರೆ ನಿಲ್ಲಿಸುವುದು ಎಂದು ಗೊತ್ತುಮಾಡಿಕೊಂಡೆ. ಕೋಶವನ್ನು ಸದಾ ತುಸು ಹಸಿವಿನಲ್ಲೇ ಇಡಬೇಕು.

ಇದರ ನಡುವೆ ಆಲೆಮನೆಯ ಬೆಲ್ಲವನ್ನೂ ಎರಡು ಬ್ಯಾಚಿಗೆ ಹಾಕಿ ನೋಡಿದೆ. ಬೂದಿಯಂಶ ಕಡಿಮೆ, ನೊರೆಯೂ ಕಡಿಮೆ, ಬೆಳವಣಿಗೆ ಚೆನ್ನಾಗಿತ್ತು. ಆದರೆ ಲೀಟರಿಗೆ ಬೀಳುವ ಖರ್ಚು ಎರಡರಷ್ಟಾದುದರಿಂದ ಕೈಬಿಟ್ಟೆ. ದೊಡ್ಡ ಟ್ಯಾಂಕಿಗೆ ಹಾಕುವ ಮೊದಲ ಕೋಶಗಳನ್ನು ಬೆಳೆಸುವ ಬೀಜದ ಹಂತಕ್ಕೆ ಮಾತ್ರ ಈಗಲೂ ಬೆಲ್ಲವನ್ನೇ ಬಳಸುತ್ತೇನೆ.

ಈಗ 500 ಲೀಟರಿನಲ್ಲಿ 450ರಿಂದ 500 ಕೋಟಿ ಬರುತ್ತದೆ, ಹತ್ತರಲ್ಲಿ ಒಂಬತ್ತರಷ್ಟು ಕೋಶಗಳು ಬೀಜಾಣುಗಳಾಗುತ್ತವೆ. ಬೀಜಾಣುವಾಗಲು ನೆರವಾಗುವ ಮ್ಯಾಂಗನೀಸನ್ನು ಯಾವ ಗಂಟೆಗೆ ಎಷ್ಟು ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ನಾಲ್ಕು ಬ್ಯಾಚುಗಳ ಬೆಲೆ ತಗುಲಿದೆ. ಮೊದಲು ತಳಿ ಬದಲಿಸಿ ಎಂದಿದ್ದವರೇ ಕಳೆದ ತಿಂಗಳು ಬಂದು ಕೊಳವೆಯ ಅಳತೆ ಬರೆದುಕೊಂಡು ಹೋದರು. ಎರಡು ಸಾವಿರ ಲೀಟರಿನ ಟ್ಯಾಂಕಿಗೆ ನಕ್ಷೆ ಸಿದ್ಧವಾಗಿದೆ. ಅದರಲ್ಲಿ ಕಾಕಂಬಿ ಮೂರು ಕಡೆ ಬೀಳುತ್ತದೆ, ಮೀಟರಿನ ಕಡ್ಡಿಗಳು ಎರಡು ಎತ್ತರದಲ್ಲಿರುತ್ತವೆ.