ಅಗ್ಗದ ಲಕ್ಸ್ ಮೀಟರಿನಲ್ಲೇ ಲೆಟ್ಯೂಸಿನ ಬೆಳಕು ಅಳೆದೆ

"ಇದು ಫೋಟೊ ಸ್ಟುಡಿಯೋದಾಗ ಇಡೋ ಮೀಟರ್ರೀ, ಗಿಡಕ್ಕ ಏನ್ ಉಪಯೋಗ?" ಅಂತ ನನ್ನ ಲಕ್ಸ್ ಮೀಟರ್ (ಬೆಳಕು ಅಳೆಯುವ ಸಾಧನ) ನೋಡಿ ನಕ್ಕವರೇ ಜಾಸ್ತಿ. ಈಗ ಅವರಲ್ಲಿ ಇಬ್ಬರು ಅದೇ ಮೀಟರ್ ತರಿಸಿದ್ದಾರೆ.

ನಾನು ಹೋಟೆಲ್‌ಗಳಿಗೆ ಲೆಟ್ಯೂಸ್ (ಸಲಾಡ್ ಸೊಪ್ಪು) ಬೆಳೆಯುವುದು ವಡಗಾವಿಯಲ್ಲಿ, ಹಿಂದೆ ಮಗ್ಗ ಇದ್ದ ಕೋಣೆಯೊಳಗೆ. ಬೆಳಗಾವಿ ಮಳೆಗಾಲದಲ್ಲಿ ಕಿಟಕಿ ಬೆಳಕು ನಂಬಿ ಕೂತರೆ ಆಗಲ್ಲ. ಗಿಡ ಇಡುವ ರ‍್ಯಾಕಿನ ಒಂದೊಂದು ಅಂತಸ್ತಿಗೆ ನಾಲ್ಕರಂತೆ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬು ಹಾಕಿದ್ದೇನೆ. ನಡುವಿನ ಗಿಡ ಚೆನ್ನಾಗಿ ಬಂದು, ಮೂಲೆಯವು ಉದ್ದಕ್ಕೆ ಎಳೆದುಕೊಂಡು ಬೀಳುತ್ತಿದ್ದವು. ಅವನ್ನು ಹೋಟೆಲ್‌ನವರು ಮುಟ್ಟುವುದಿಲ್ಲ. ಪ್ರತಿ ಕೊಯ್ಲಿಗೂ ಕಾಲು ಭಾಗ ಮಾಲು ಎಮ್ಮೆಗೆ ಹೋಗುತ್ತಿತ್ತು.

ಮೊದಲು ಫೋನಿನ ಆ್ಯಪ್ ನೋಡಿದೆ. ಒಂದೇ ಜಾಗದಲ್ಲಿ ನನ್ನ ಫೋನು ಒಂದು ಹೇಳಿದರೆ ತಮ್ಮನ ಫೋನು ಅದರ ದುಪ್ಪಟ್ಟು ಹೇಳಿತು. ಸ್ವಲ್ಪ ವಾಲಿಸಿದರೂ ಅಂಕಿ ಜಿಗಿಯುತ್ತದೆ. ಗಿಡ ಬಳಸುವ ಬೆಳಕನ್ನೇ ನೇರವಾಗಿ ಅಳೆಯುವ ಕ್ವಾಂಟಮ್ ಮೀಟರ್ ತಗೋಳೋಣ ಅಂದರೆ ಒಳ್ಳೆಯದು ಐವತ್ತು ಸಾವಿರದ ಮೇಲೆ. ಲಕ್ಸ್ ಮೀಟರ್ ಸಾವಿರದ ಐನೂರರ ಆಸುಪಾಸು ಸಿಕ್ಕಿತು.

ಲಕ್ಸ್ ಅನ್ನು ಬಿಳಿ ಎಲ್‌ಇಡಿಗೆ 67ರಿಂದ ಭಾಗಿಸಿದರೆ ಮೈಕ್ರೋಮೋಲ್ ಲೆಕ್ಕ, ಅಂದರೆ ಗಿಡಕ್ಕೆ ಸೆಕೆಂಡಿಗೆ ಸಿಗುವ ಬೆಳಕು, ಗೊತ್ತಾಗುತ್ತದೆ. ಬಿಸಿಲಿಗಾದರೆ 54. ಆ ಮೈಕ್ರೋಮೋಲನ್ನು ದಿನಕ್ಕೆ ಲೈಟ್ ಉರಿಯುವ ಗಂಟೆಗಳಿಂದ ಗುಣಿಸಿ, ಮತ್ತೆ 0.0036ರಿಂದ ಗುಣಿಸಿದರೆ ಡಿಎಲ್‌ಐ, ಅಂದರೆ ಗಿಡಕ್ಕೆ ದಿನವಿಡೀ ಸಿಗುವ ಒಟ್ಟು ಬೆಳಕು. ನಂಬಿಕೆ ಬರಲಿ ಅಂತ ಪರಿಚಯದವರ ಕ್ವಾಂಟಮ್ ಮೀಟರ್ ಒಂದು ದಿನಕ್ಕೆ ಇಸಕೊಂಡು ಪಕ್ಕದಲ್ಲೇ ಇಟ್ಟು ನೋಡಿದೆ. ನೂರಕ್ಕೆ ಏಳೆಂಟರಷ್ಟು ವ್ಯತ್ಯಾಸ, ಅಷ್ಟೇ! ಆದರೆ ಟ್ಯೂಬ್ ಹಚ್ಚಿ ಅರ್ಧ ಗಂಟೆ ಬಿಟ್ಟು, ಎಲೆಯ ಮಟ್ಟದಲ್ಲೇ ಅಳೆಯಬೇಕು.

ನೇರಳೆ ಬಣ್ಣದ ಲೈಟ್ ಇದ್ದವರು ಇದನ್ನು ಮಾಡಬೇಡಿ. ಈ ಮೀಟರಿಗೆ ಹಸಿರು ಬೆಳಕೇ ಎದ್ದು ಕಾಣುತ್ತದೆ, ಕೆಂಪು-ನೀಲಿ ಸರಿಯಾಗಿ ಲೆಕ್ಕಕ್ಕೆ ಬರಲ್ಲ. ನನ್ನ ಹಳೇ ನೇರಳೆ ಪ್ಯಾನೆಲ್ ಅಡಿ ಗಿಡ ಆರಾಮಾಗಿ ಬೆಳೆಯುತ್ತಿದ್ದರೂ ಮೀಟರ್ ಎರಡು ಸಾವಿರವನ್ನೂ ತೋರಿಸಲಿಲ್ಲ.

ಅಂತಸ್ತನ್ನು ಚೌಕ ಚೌಕ ಮಾಡಿ ಅಳೆದಾಗ ನಡುವೆ 12 ಸಾವಿರ ಲಕ್ಸ್, ಮೂಲೆಯಲ್ಲಿ 7 ಸಾವಿರ. 18 ಗಂಟೆ ಉರಿಸಿದರೂ ಮೂಲೆಗೆ ಡಿಎಲ್‌ಐ ಏಳು ದಾಟುತ್ತಿರಲಿಲ್ಲ. ಲೆಟ್ಯೂಸಿಗೆ 12ರ ಹತ್ತಿರ ಬೇಕು. ಅಂಗಡಿಯವರು ಇನ್ನೆರಡು ಟ್ಯೂಬ್ ಹಾಕಿ ಅಂದರು. ನಾನು ಪಕ್ಕಕ್ಕೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಹಚ್ಚಿ ನೋಡಿದೆ. ಅದು ಸುಕ್ಕಾಗಿ ಒಂದು ಕಡೆ ಝಗ್ ಅಂತ, ಇನ್ನೊಂದು ಕಡೆ ಕತ್ತಲು. ಕೊನೆಗೆ ಪ್ಲೈವುಡ್ ತುಂಡಿಗೆ ಸುಣ್ಣ ಬಳಿದು ನಿಲ್ಲಿಸಿದೆ. ಖರ್ಚು ನೂರು ರೂಪಾಯಿ ಚಿಲ್ಲರೆ. ಮೂಲೆ ಒಂಬತ್ತೂವರೆ ಸಾವಿರಕ್ಕೆ ಬಂತು, ನಡುವೆಯೂ 13 ಸಾವಿರ ಆಯಿತು. ಸುಣ್ಣದಲ್ಲಿ ಇನ್ನೊಂದು ವಸ್ತು ಕಲಸಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ!

ಈಗ 16 ಗಂಟೆ ಸಾಕು. 12 ಅಂತಸ್ತಿಗೆ ಸೇರಿ ತಿಂಗಳಿಗೆ ಐವತ್ತರ ಮೇಲೆ ಯೂನಿಟ್ ಉಳಿಯುತ್ತಿದೆ. ಮೂಲೆಯ ಗಿಡ ನಾಲ್ಕೈದು ದಿನ ತಡವಾಗುತ್ತದೆ, ಆದರೆ ಮಾರಾಟ ಆಗುತ್ತದೆ.

ನಡುವೆ ಒಮ್ಮೆ ಎಲ್ಲ ಕಡೆ ಅಂಕಿ ಇಳಿಯಿತು. ಟ್ಯೂಬ್ ಹಾಳಾಯಿತು ಅಂದುಕೊಂಡರೆ, ಪಕ್ಕದ ಪವರ್‌ಲೂಮಿನ ನೂಲಿನ ಧೂಳು! ಒಣ ಬಟ್ಟೆಯಲ್ಲಿ ಒರೆಸಿದೆ, ಸಾವಿರದಷ್ಟು ಲಕ್ಸ್ ವಾಪಸ್ ಬಂತು.